ಎಡಗಡೆಯ ಮುಂದಿನ ಹಲ್ಲು

ಎರಡನೆಯ ಹಲ್ಲೂ ಗುರುವಾರ ಬೆಳಗ್ಗೆ ವಾಪಸು ಬಂತು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಪ್ಲಾಸ್ಟಿಕ್ ಡಬ್ಬಿ, ಒಳಗೆ ಹತ್ತಿ, ಹತ್ತಿಯ ಮೇಲೆ ಹಲ್ಲು. ಮುಚ್ಚಳಕ್ಕೆ ಅಂಟಿಸಿದ ಚೀಟಿಯಲ್ಲಿ ಡಾಕ್ಟರಮ್ಮನ ದುಂಡನೆಯ ಅಕ್ಷರ: ‘ಬಿಳಿ ಜಾಸ್ತಿ. ಬೇಜಾರು ಮಾಡ್ಕೋಬೇಡಿ.’

ಬೇಜಾರು ಮಾಡಿಕೊಂಡರೆ ನಡೆಯುವ ಕಸುಬಲ್ಲ ಅವನದು. ಇಪ್ಪತ್ತೆರಡು ವರ್ಷಗಳಿಂದ ಆ ಮಹಡಿಯ ಕೋಣೆಯಲ್ಲಿ ಕೂತು ಪಿಂಗಾಣಿಯಲ್ಲಿ ಹಲ್ಲು ಮಾಡುತ್ತಿದ್ದ. ಡಾಕ್ಟರುಗಳು ಬಾಯಿಯ ಅಚ್ಚನ್ನೂ ಫೋಟೋವನ್ನೂ ಕಳಿಸುತ್ತಿದ್ದರು, ಇವನು ಹಲ್ಲು ಕಳಿಸುತ್ತಿದ್ದ. ಉತ್ತರದ ಕಡೆಗೆ ಒಂದು ಕಿಟಕಿ, ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಕುಕ್ಕರಿನ ಗಾತ್ರದ ವಿದ್ಯುತ್ ಕುಲುಮೆ. ಗೋಡೆಯ ಕಪಾಟಿನಲ್ಲಿ ಸುಣ್ಣದ ದವಡೆಗಳು ಸಾಲಾಗಿ ಬಾಯಿ ಬಿಟ್ಟುಕೊಂಡು ಕೂತಿದ್ದವು. ಅವುಗಳ ಒಡೆಯರಲ್ಲಿ ಒಬ್ಬರ ಮುಖವನ್ನೂ ಅವನು ನೋಡಿರಲಿಲ್ಲ. ಹೊಂದಿಕೊಂಡ ಹಲ್ಲಿನ ಬಗ್ಗೆ ಯಾರೂ ಚೀಟಿ ಬರೆಯುವುದಿಲ್ಲವಾದ್ದರಿಂದ, ಸದ್ದಿಲ್ಲದಿದ್ದರೆ ಎಲ್ಲ ಸರಿಯಿದೆ ಎಂದು ತಿಳಿದುಕೊಂಡು ಅವನು ಬದುಕು ನಡೆಸಿಕೊಂಡು ಬಂದಿದ್ದ.

ಈ ಸಲ ಮಾತ್ರ ಬಾಯಿ ಯಾರದೆಂದು ಗೊತ್ತಿತ್ತು. ಅಕ್ಕನದು.

ಅಕ್ಕ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಮಾತು ಕಲಿಸುವ ಟೀಚರು. ಮಕ್ಕಳು ಅವಳ ಬಾಯಿ ನೋಡಿ ಅಕ್ಷರ ಕಲಿಯುತ್ತವೆ. ತುಟಿ ಹೇಗೆ ಸೇರಿತು, ನಾಲಗೆ ಎಲ್ಲಿ ತಾಗಿತು, ಗಂಟಲು ಅದುರಿತೋ ಇಲ್ಲವೋ. ಎರಡು ತಿಂಗಳ ಹಿಂದೆ ಅವಳು ಒಂದು ಹುಡುಗಿಯ ಗಂಟಲ ಮೇಲೆ ಬೆರಳಿಡಲು ಬಗ್ಗಿದ್ದಳು. ಅದೇ ಹೊತ್ತಿಗೆ ಆ ಹುಡುಗಿಗೆ ಅಕ್ಷರ ಹೊಳೆದು, ಸಂತೋಷ ತಡೆಯಲಾರದೆ ಕುಪ್ಪಳಿಸಿತು. ಹುಡುಗಿಯ ತಲೆಗೆ ಏನೂ ಆಗಲಿಲ್ಲ. ಅಕ್ಕನ ಮೇಲಿನ ಸಾಲಿನ ಎಡಗಡೆಯ ಮುಂದಿನ ಹಲ್ಲು ಬುಡದವರೆಗೆ ಮುರಿಯಿತು.

ಡಾಕ್ಟರಮ್ಮ ತಾತ್ಕಾಲಿಕವಾಗಿ ಒಂದು ಪ್ಲಾಸ್ಟಿಕ್ ಹಲ್ಲು ಕೂರಿಸಿದರು. ಅದು ಕುಂಬಳದ ಬೀಜದ ಹಾಗಿತ್ತು. ಅಕ್ಕ ಮಾರನೆಯ ದಿನವೇ ತರಗತಿಗೆ ಹೋದಳು. ‘ತ’ ಹೇಳಿಕೊಟ್ಟಳು. ಎಂಟು ಮಕ್ಕಳೂ ಅವಳ ಬಾಯಿಯನ್ನೇ ನೋಡಿ, ನಾಲಗೆಯನ್ನು ಹಲ್ಲಿಗೆ ತಾಗಿಸುವ ಬದಲು, ತಂತಮ್ಮ ಎಡಗಡೆಯ ಹಲ್ಲಿನ ಮೇಲೆ ಬೆರಳಿಟ್ಟವು. ಹೊಸದಾಗಿ ಕಂಡದ್ದು ಆ ಹಲ್ಲು, ಹಾಗಾಗಿ ಅಕ್ಷರವೂ ಅದೇ ಇರಬೇಕು ಎಂದು ಅವುಗಳ ಲೆಕ್ಕ. ಅಕ್ಕ ಒಂದು ವಾರ ತಿದ್ದಿದಳು. ಆಮೇಲೆ ನಾಚಿಕೆಯಾಗಿ ಕೈ ಅಡ್ಡ ಹಿಡಿಯತೊಡಗಿದಳು. ಕೈ ಅಡ್ಡ ಬಂದರೆ ಪಾಠವೇ ಇಲ್ಲ. ರಜೆ ಶುರುವಾಗುವ ದಿನ ಹೆಡ್ ಮೇಡಂ ಕರೆದು, “ಶಾಲೆ ತೆರೆಯೋ ಹೊತ್ತಿಗೆ ಹಲ್ಲು ಸರಿಹೋದ್ರೆ ಒಳ್ಳೇದು. ಇಲ್ಲಾಂದ್ರೆ ಈ ವರ್ಷ ಆ ಮಕ್ಕಳನ್ನ ಬೇರೆ ಟೀಚರಿಗೆ ಕೊಡ್ತೀನಿ. ಅವಕ್ಕೆ ಗೊಂದಲ ಆಗ್ತಿದೆ,” ಎಂದಿದ್ದರು. ಒಂದು ಬಾಯಿಯನ್ನು ಓದಲು ಕಲಿಯುವುದಕ್ಕೆ ಆ ಮಕ್ಕಳಿಗೆ ಆರು ತಿಂಗಳು ಹಿಡಿದಿತ್ತು. ಇನ್ನೊಂದು ಬಾಯಿಗೆ ಮತ್ತೆ ಆರು ತಿಂಗಳು.

ಶಾಲೆ ತೆರೆಯುವುದು ಬರುವ ಸೋಮವಾರ.

ಅವನು ಡಬ್ಬಿಯಿಂದ ಹಲ್ಲನ್ನು ಚಿಮಟದಲ್ಲಿ ಎತ್ತಿ ಕಿಟಕಿಗೆ ಹಿಡಿದ. ಆಕಾರದಲ್ಲಿ ಕೊರತೆ ಕಾಣಲಿಲ್ಲ. ಬಣ್ಣವನ್ನು, ಮಾದರಿ ಹಲ್ಲುಗಳನ್ನು ಜೋಡಿಸಿದ ಬಣ್ಣದ ಪಟ್ಟಿಯ ಪಕ್ಕ ಇಟ್ಟು ನೋಡಿದ. ತಾನು ಮಾಡಬೇಕೆಂದುಕೊಂಡದ್ದನ್ನೇ ಮಾಡಿದ್ದ.

ಅಲ್ಲಿಗೆ ತಪ್ಪು ಕೈಯದಲ್ಲ, ನೋಟದ್ದು ಎಂದು ಅವನು ತೀರ್ಮಾನಿಸಿದ. ನೋಟ ಎಂದರೆ ಫೋಟೋ. ಫೋಟೋ ಎಂದರೆ ಬೆಳಕು.

ಬೆಳಕಿನ ಕತೆ ಮೊದಲನೆಯ ಹಲ್ಲಿನಿಂದಲೇ ಶುರುವಾಗಿತ್ತು. ಡಾಕ್ಟರಮ್ಮನ ಬಳಿ ಇದ್ದದ್ದು ಲೆನ್ಸಿನ ಸುತ್ತ ಬಳೆಯ ಹಾಗೆ ಕೂರುವ ರಿಂಗ್ ಫ್ಲ್ಯಾಶ್. ಬಾಯಿಯ ಒಳಗಿನ ಮೂಲೆಗೂ ನೆರಳು ಬೀಳದಂತೆ ಎಲ್ಲ ಕಡೆಯಿಂದ ಒಂದೇ ಸಮ ಬೆಳಕು ಚೆಲ್ಲುತ್ತದೆ. ಹುಳುಕು ಹುಡುಕುವವರಿಗೆ ಅದು ದೇವರಂಥದ್ದು. ಹಲ್ಲು ಮಾಡುವವನಿಗೆ ಅಲ್ಲ. ನೆರಳಿಲ್ಲದ ಕಡೆ ಉಬ್ಬು ತಗ್ಗು ಕಾಣುವುದಿಲ್ಲ. ಹಲ್ಲಿನ ಮೈಮೇಲಿನ ಸಣ್ಣ ಗೀರು, ಅಲೆ, ಅಂಚಿನ ಪಾರದರ್ಶಕ ಪಟ್ಟಿ ಎಲ್ಲ ಅಳಿಸಿಹೋಗಿ ಬಣ್ಣ ಬಳಿದ ಗೋಡೆಯಂತೆ ಕಾಣುತ್ತದೆ. ನಡುವೆ ಒಂದು ಬಿಳಿ ಹೊಳಪು ಬೇರೆ. ಪಕ್ಕದ ಹಲ್ಲುಗಳ ಆ ಫೋಟೋ ನೋಡಿ ಮಾಡಿದ ಮೊದಲನೆಯ ಹಲ್ಲನ್ನು ಬಾಯಲ್ಲಿ ಇಟ್ಟುಕೊಂಡು ಅಕ್ಕ ಫೋನ್ ಮಾಡಿದ್ದಳು.

“ಪುಟ್ಟ, ಇದು ಹಲ್ಲಲ್ಲ ಕಣೋ, ಸಿಂಕಿನ ಟೈಲ್ಸು.”

ನಲವತ್ತಾರು ವರ್ಷದ ಪುಟ್ಟ, ಅದನ್ನು ತೆಗೆಸಿ ವಾಪಸು ಕಳಿಸು ಎಂದ. ಅವನನ್ನು ನಿಜವಾಗಿ ಚುಚ್ಚಿದ್ದು ಟೈಲ್ಸಿನ ಮಾತಲ್ಲ. ಹುಟ್ಟಿದಾಗಿನಿಂದ ನೋಡಿದ ಬಾಯಿ. ಆ ಹಲ್ಲಿನಲ್ಲೇ ಅವಳು ಅವನ ಅಂಗಿಯ ಗುಂಡಿಯ ದಾರ ಕಡಿಯುತ್ತಿದ್ದಳು, ಅವನ ಕೈಯಿಂದ ಬಿಚ್ಚಲಾಗದ ಗಂಟುಗಳನ್ನು ಬಿಚ್ಚುತ್ತಿದ್ದಳು. ಕಣ್ಣು ಮುಚ್ಚಿ ಆ ಹಲ್ಲನ್ನು ನೆನೆಯಲು ಕೂತರೆ ಮಾತ್ರ ಏನೂ ಬರಲಿಲ್ಲ. ಅಂಚು ನೇರವಾಗಿತ್ತೋ, ಓರೆಯಾಗಿತ್ತೋ? ಒಂದು ಕಡೆ ಚಿಪ್ಪು ಎದ್ದಿತ್ತೋ? ಹಲ್ಲೇ ಕಸುಬಾದವನಿಗೆ ಅಕ್ಕನ ಹಲ್ಲು ಗೊತ್ತಿರಲಿಲ್ಲ.

ಅವನ ಕೋಣೆಯ ಕೆಳಗಿನ ಅಂಗಡಿ ಗಡಿಯಾರ ರಿಪೇರಿಯವನದು. ರಜೆಯ ದಿನಗಳಲ್ಲಿ ಈ ಗಡಿಯಾರದವನು ಪೊದೆ ಪೊದೆ ಹುಡುಕಿಕೊಂಡು ಹುಳುಗಳ ಫೋಟೋ ತೆಗೆಯುತ್ತಿದ್ದ. ಅಂಗಡಿಯ ಗೋಡೆಯ ಮೇಲೆ ಗಡಿಯಾರಗಳ ನಡುವೆ ತಟ್ಟೆಯಷ್ಟು ದೊಡ್ಡ ಜೀರುಂಡೆಗಳು ತೂಗುತ್ತಿದ್ದವು. ಮೊದಲ ಹಲ್ಲು ವಾಪಸು ಬಂದ ದಿನ ಇವನು ಡಾಕ್ಟರಮ್ಮ ತೆಗೆದ ಫೋಟೋ ಹಿಡಿದುಕೊಂಡು ಕೆಳಗಿಳಿದಿದ್ದ.

ಗಡಿಯಾರದವನು ಕಣ್ಣಿನ ಭೂತಗನ್ನಡಿಯನ್ನು ಹಣೆಗೆ ಏರಿಸಿ ನೋಡಿದ. “ಬಳೆ ಫ್ಲ್ಯಾಶಲ್ಲಿ ತೆಗೆದಿದಾರೆ. ನಾನೂ ಮೊದಲು ಅದನ್ನೇ ಕೊಂಡು ಕೈ ಸುಟ್ಕೊಂಡೆ. ಜೀರುಂಡೆ ತೆಗೆದ್ರೆ ಜೀರುಂಡೆ ಬರಲ್ಲ ಹಲ್ಲಣ್ಣ, ಅದರ ಪಾಸ್‌ಪೋರ್ಟ್ ಫೋಟೋ ಬರತ್ತೆ.”

“ಮತ್ತೆ?”

“ಜೋಡಿ ಫ್ಲ್ಯಾಶ್. ಎರಡು ಸಣ್ಣ ದೀಪ, ಎರಡು ತೋಳು. ಒಂದನ್ನ ಹತ್ತಿರ ತನ್ನಿ, ಒಂದನ್ನ ದೂರ ಇಡಿ. ನೆರಳು ಬೀಳತ್ತೆ, ಮೈ ಎದ್ದು ಬರತ್ತೆ. ಆದ್ರೆ ಬರೀ ದೀಪ ಹೊಡೆದ್ರೆ ಹೊಳಪು ಸೂಜಿ ಚುಚ್ಚಿದ ಹಾಗೆ ಬೀಳತ್ತೆ. ಮುಂದೆ ಬಿಳೀ ತೆರೆ ಬೇಕು. ನಾನು ಶಾಂಪೂ ಬಾಟ್ಲಿ ಕತ್ತರಿಸಿ ಹಾಕಿದೀನಿ ನೋಡಿ. ದೀಪದ ಕಡೆಯಿಂದ ನೋಡಿದ್ರೆ, ಹುಳ ಎಷ್ಟು ದೊಡ್ಡದೋ ಅದಕ್ಕಿಂತ ತೆರೆ ದೊಡ್ಡದಿರಬೇಕು, ಅಷ್ಟೇ ಸೂತ್ರ.”

“ಇದು ಹುಳ ಅಲ್ಲ, ನಮ್ಮಕ್ಕ.”

“ಹಾಗಾದ್ರೆ ಎರಡು ಬಾಟ್ಲಿ ತಗೊಂಡು ಹೋಗಿ.”

ಹೀಗೆ ಎರಡನೆಯ ಸಲ ಅವನೇ ಜೋಡಿ ಫ್ಲ್ಯಾಶ್ ಹೊತ್ತುಕೊಂಡು ಕ್ಲಿನಿಕ್ಕಿಗೆ ಹೋಗಿದ್ದ. ಅಕ್ಕ ಒರಗು ಕುರ್ಚಿಯಲ್ಲಿ ಮಲಗಿ, ತುಟಿಗಳನ್ನು ಎರಡೂ ಕಡೆ ಎಳೆದು ಹಿಡಿಯುವ ಪ್ಲಾಸ್ಟಿಕ್ ಕೊಕ್ಕೆ ಹಾಕಿಸಿಕೊಂಡು, ಹಲ್ಲು ಕಿರಿದ ಕುದುರೆಯ ಹಾಗೆ ಚಾವಣಿ ನೋಡುತ್ತಿದ್ದಳು. ಅವನು ಎಡದ ದೀಪ ಹತ್ತಿರ ಇಟ್ಟ, ಬಲದ್ದು ದೂರ. ಬಲದ್ದು ಹತ್ತಿರ, ಎಡದ್ದು ದೂರ. ಮೇಲಿನಿಂದ. ಓರೆಯಿಂದ. ಒಂದು ತೆರೆ, ಎರಡು ತೆರೆ. ಪ್ರತಿ ಬದಲಾವಣೆಯನ್ನೂ ಪುಸ್ತಕದಲ್ಲಿ ಬರೆದುಕೊಂಡ. ಕಾಲೇಜಿನಲ್ಲಿ ಭೌತವಿಜ್ಞಾನ ಓದಿದ ಕಾಲದಿಂದಲೂ ಬಂದ ಚಾಳಿ. ನಡುವೆ ಅಕ್ಕ ಕೈಯೆತ್ತಿ, ಶಾಲೆಯ ಮಕ್ಕಳ ಸನ್ನೆಯಲ್ಲಿ ಮೂರು ಬೆರಳನ್ನು ಗಲ್ಲಕ್ಕೆ ತಟ್ಟಿದಳು. ಆ ಭಾಷೆಯಲ್ಲಿ ಅವನಿಗೆ ಗೊತ್ತಿದ್ದದ್ದು ಎರಡೇ ಮಾತು, ಒಂದು ‘ಸುಮ್ಮನಿರು’, ಇನ್ನೊಂದು ‘ನೀರು’.

“ಈಗ ಬೇಡಕ್ಕ, ಒದ್ದೆಯಾದ್ರೆ ಹೊಳಪು ಹೊಡೆಯತ್ತೆ. ಇನ್ನೊಂದೇ ನಿಮಿಷ.” ಹಾಗೆಂದು ಡಾಕ್ಟರಮ್ಮನ ಕಡೆ ತಿರುಗಿ, “ಸ್ವಲ್ಪ ಗಾಳಿ ಬಿಡ್ತೀರಾ?” ಎಂದ. ಅವರು ಗಾಳಿಯ ಕೊಳವೆಯಿಂದ ಹಲ್ಲಿನ ಮೇಲೆ ಪುಸ್ಸೆಂದು ಊದಿದರು. ಹೊಳಪು ಅರ್ಧ ಇಳಿಯಿತು. ಅವನಿಗೆ ಬಹಳ ತೃಪ್ತಿಯಾಯಿತು.

ಒಂದು ನಿಮಿಷ ಇಪ್ಪತ್ತೈದು ನಿಮಿಷವಾಗಿ, ನಲವತ್ತಮೂರು ಫೋಟೋ ಆದವು. ಕೊಕ್ಕೆ ತೆಗೆದ ಮೇಲೆ ಅಕ್ಕ ಮಾಡಿದ ಮೊದಲ ಕೆಲಸ ಎರಡು ಲೋಟ ನೀರು ಕುಡಿದದ್ದು. ಎರಡನೆಯ ಕೆಲಸ, “ಊರಿಗೆಲ್ಲ ಹಲ್ಲು ಮಾಡ್ತಾನೆ, ಅಕ್ಕನ ಒಂದು ಹಲ್ಲಿಗೆ ಇಷ್ಟು ಹಲ್ಲು ಗಿಂಜ್ತಾನೆ,” ಎಂದು ಡಾಕ್ಟರಮ್ಮನಿಗೆ ದೂರು ಹೇಳಿದ್ದು.

ಆ ಎರಡನೆಯ ಹಲ್ಲು ಮಂಗಳವಾರ ಕುರ್ಚಿಯಲ್ಲಿ ಕೂರಿಸಿದಾಗ ಅದ್ಭುತವಾಗಿತ್ತು. ತೆಗೆಯಲು ಬರುವಂಥ ಅಂಟಿನಲ್ಲಿ ನಿಲ್ಲಿಸಿ, ಒರೆಸಿ, ಒಣಗಿಸಿ, ಮೂವರೂ ಕನ್ನಡಿಯಲ್ಲಿ ನೋಡಿದರು. ಯಾವುದು ಹುಟ್ಟಿದ್ದು, ಯಾವುದು ಮಾಡಿದ್ದು ಎಂದು ಡಾಕ್ಟರಮ್ಮನೂ ಒಂದು ಕ್ಷಣ ತಡವರಿಸಿದರು. ಬುಧವಾರ ಬೆಳಗ್ಗೆ ಅಕ್ಕ ಮನೆಯ ಕನ್ನಡಿಯಲ್ಲಿ ನೋಡಿಕೊಂಡಾಗ ಅದು ಟ್ಯೂಬ್‌ಲೈಟಿನಂತೆ ಉರಿಯುತ್ತಿತ್ತು.

ಹಾಗಾಗಿ ಈ ಗುರುವಾರ, ಈ ಡಬ್ಬಿ.

ಅವನು ಮತ್ತೆ ಕೆಳಗಿಳಿದ. ಕ್ಲಿನಿಕ್ಕಿನಲ್ಲಿ ಸರಿ, ಮನೆಯಲ್ಲಿ ತಪ್ಪು. ಎಲ್ಲೋ ಬೆಳಕೇ ಕೈ ಕೊಡುತ್ತಿದೆ ಎಂದು ವಿವರಿಸಿದ. ಗಡಿಯಾರದವನು ಕೈಯಲ್ಲಿದ್ದ ಗಡಿಯಾರವನ್ನು ಬಟ್ಟೆಯ ಮೇಲಿಟ್ಟ.

“ಮೈ ಸರಿ ಬಂತು, ಬಣ್ಣ ಸರಿ ಬರಲಿಲ್ಲ, ಅಲ್ವಾ? ಹಸಿರು ಜೀರುಂಡೆಯಲ್ಲಿ ನನಗೂ ಇದೇ ಗೋಳು. ಹೊಳಪಿನ ಕೆಳಗೆ ಬಣ್ಣ ಮುಚ್ಚಿಹೋಗತ್ತೆ. ಅದಕ್ಕೆ ಒಂದು ಉಪಾಯ ಇದೆ.” ಅವನು ಡ್ರಾಯರಿನಿಂದ ಹೊಗೆಬಣ್ಣದ ಪಾರದರ್ಶಕ ಹಾಳೆಯೊಂದನ್ನು ತೆಗೆದ. ಕೆಟ್ಟುಹೋದ ಕಂಪ್ಯೂಟರ್ ಪರದೆಯಿಂದ ಕಿತ್ತದ್ದು. ಅದನ್ನೇ ಎರಡು ತುಂಡು ಮಾಡಿ ಒಂದರ ಮೇಲೊಂದು ಇಟ್ಟು ತಿರುಗಿಸಿದ. ಅಡ್ಡ ಬಂದಾಗ ಎರಡೂ ಕಪ್ಪಾದವು. “ಒಂದು ತುಂಡು ಫ್ಲ್ಯಾಶ್ ಮುಂದೆ, ಇನ್ನೊಂದು ಲೆನ್ಸ್ ಮುಂದೆ, ಅಡ್ಡಡ್ಡ. ಮೇಲಿನಿಂದ ಜಾರಿ ಬರೋ ಹೊಳಪು ಪೂರ್ತಿ ಸಾಯತ್ತೆ. ಒಳಗೆ ಹೋಗಿ ಬಂದ ಬೆಳಕು ಮಾತ್ರ ಉಳಿಯತ್ತೆ. ಬಣ್ಣ ಬೆತ್ತಲೆ.”

“ನೀವು ಹಲ್ಲಿನ ಅಂಗಡಿ ಇಡಬಹುದಿತ್ತು.”

“ಬೇಡಪ್ಪ. ಗಡಿಯಾರ ಬಾಯಿ ಮಾಡಲ್ಲ.”

ಹಾಳೆಯನ್ನು ಯಾವ ಫ್ಲ್ಯಾಶಿಗೆ ಕಟ್ಟಬೇಕು, ಜೋಡಿಗೋ ಬಳೆಗೋ, ಎಷ್ಟು ಬೆಳಕು ನಷ್ಟವಾಗುತ್ತದೆ ಎಂದು ಲೆಕ್ಕ ಹಾಕಲು ಅವನು ಶುಕ್ರವಾರ ಬೆಳಗ್ಗೆ ಆ ನಲವತ್ತಮೂರು ಫೋಟೋಗಳನ್ನು ಕಂಪ್ಯೂಟರಿನಲ್ಲಿ ಸಾಲಾಗಿ ತೆರೆದ. ದೀಪ ಒಂದೇ ದೂರದಲ್ಲಿದ್ದವುಗಳನ್ನು ಆಯ್ದು, ಪ್ರತಿಯೊಂದರಲ್ಲೂ ಪಕ್ಕದ ಒಳ್ಳೆಯ ಹಲ್ಲಿನ ನಡುಭಾಗದ ಬೆಳಕನ್ನು ಅಳೆದು ಪಟ್ಟಿ ಮಾಡಿದ. ಹತ್ತನೆಯ ಫೋಟೋದಲ್ಲಿ ನೂರಕ್ಕೆ ಎಪ್ಪತ್ತಮೂರು. ಇಪ್ಪತ್ತರಲ್ಲಿ ಎಪ್ಪತ್ತಾರು. ನಲವತ್ತಮೂರರಲ್ಲಿ ಎಪ್ಪತ್ತೊಂಬತ್ತು. ಮೆಟ್ಟಿಲು ಹತ್ತಿದ ಹಾಗೆ ಏರುತ್ತಾ ಹೋಗಿತ್ತು.

ಫ್ಲ್ಯಾಶಿನ ಬ್ಯಾಟರಿ ಹಳೆಯದು ಎಂದುಕೊಂಡ. ಬ್ಯಾಟರಿ ಹಳೆಯದಾದರೆ ಬೆಳಕು ಇಳಿಯಬೇಕೇ ಹೊರತು ಏರಬಾರದು. ದೀಪ ಬಿಸಿಯಾಗಿ ಬಣ್ಣ ಬದಲಾಯಿಸಿತೇ? ಅದನ್ನು ಪರೀಕ್ಷಿಸಲು ದಾರಿಯಿತ್ತು. ತುಟಿ ಎಳೆಯುವ ಕೊಕ್ಕೆಯ ಮೇಲೆ ಅವನು ಬೂದು ಬಣ್ಣದ ಸಣ್ಣ ಚೌಕವೊಂದನ್ನು ಅಂಟಿಸಿದ್ದ. ಎಲ್ಲ ಫೋಟೋದಲ್ಲೂ ಅದು ಬಿದ್ದಿತ್ತು. ಅದನ್ನು ಅಳೆದು ಹೋಲಿಸಿದ. ಬೂದು ಚೌಕ ಮೊದಲಿನಿಂದ ಕೊನೆಯವರೆಗೆ ಕದಲಿರಲಿಲ್ಲ.

ದೀಪ ಬದಲಾಗಿಲ್ಲ. ಹಲ್ಲು ಬದಲಾಗಿದೆ.

ಅವನು ಮೊದಲನೆಯ ಫೋಟೋಗೆ ಹೋದ. ದೀಪ ಉರಿಯುತ್ತದೋ ಇಲ್ಲವೋ ನೋಡಲು, ಅಕ್ಕ ಬಾಯಿ ತೆರೆದ ಕೂಡಲೇ ಒತ್ತಿದ್ದು ಅದು. ತೆರೆ ಕಟ್ಟಿರಲಿಲ್ಲ, ಕ್ಯಾಮೆರಾ ಓರೆಯಾಗಿತ್ತು, ಅರ್ಧ ಮೂಗು ಬಂದಿತ್ತು. ಹಲ್ಲಿನ ಬಹುಭಾಗ ಹೊಳಪಿನಲ್ಲಿ ಮುಳುಗಿದ್ದರೂ ಮೂಲೆಯಲ್ಲಿ ಒಂದಿಷ್ಟು ಬಣ್ಣ ಉಳಿದಿತ್ತು. ಬೆಚ್ಚನೆಯ, ದಂತದ ಪೆಟ್ಟಿಗೆಯ ಒಳಬದಿಯಂಥ ಬಣ್ಣ. ಕೊನೆಯ ಫೋಟೋದಲ್ಲಿ ಅದೇ ಹಲ್ಲು ಸೀಮೆಸುಣ್ಣ.

ಮೇಜಿನ ಮೇಲೆ ಅವನ ಕೈಯಳತೆಯಲ್ಲಿ ಆರ್ಡರ್ ಚೀಟಿಗಳ ಕಟ್ಟು ಇತ್ತು. ಹದಿನೈದು ವರ್ಷದ ಹಿಂದೆ ಅವನೇ ವಾಕ್ಯ ಬರೆದು ಅಚ್ಚು ಹಾಕಿಸಿ ಎಲ್ಲ ಡಾಕ್ಟರುಗಳಿಗೂ ಹಂಚುತ್ತಿದ್ದ ಚೀಟಿ. ಮೇಲ್ತುದಿಯಲ್ಲಿ ಕೆಂಪು ಅಕ್ಷರಗಳಲ್ಲಿ ಹೀಗಿತ್ತು: ‘ಬಣ್ಣವನ್ನು ಎಲ್ಲಕ್ಕಿಂತ ಮೊದಲು ಗುರುತಿಸಿ. ಬಾಯಿ ತೆರೆದು ಒಂದು ನಿಮಿಷವಾದರೆ ಹಲ್ಲು ಒಣಗಿ ಬಿಳಿಯಾಗುತ್ತದೆ.’

ಅವನು ಅದನ್ನು ಎರಡು ಸಲ ಓದಿದ. ಬರಹದಲ್ಲಿ ತಪ್ಪಿರಲಿಲ್ಲ. ಒಣಗಿದ ಹಲ್ಲು ಮತ್ತೆ ತನ್ನ ಬಣ್ಣಕ್ಕೆ ಬರಲು ಕೆಲವು ಗಂಟೆ, ಕೆಲವರಿಗೆ ಒಂದು ದಿನವೇ ಬೇಕು. ಆದ್ದರಿಂದಲೇ ಮಂಗಳವಾರ ಕುರ್ಚಿಯಲ್ಲಿ, ಒರೆಸಿ ಒಣಗಿಸಿದ ಬಾಯಲ್ಲಿ, ಒಣಗಿದ ಹಲ್ಲಿನ ಪಕ್ಕ ಒಣಗಿದ ಹಲ್ಲಿನ ನಕಲು ಸರಿಯಾಗಿ ಕಂಡಿತ್ತು. ಬುಧವಾರ ಪಕ್ಕದವು ನೀರು ಕುಡಿದು ತಮ್ಮ ಬಣ್ಣಕ್ಕೆ ಮರಳಿದ್ದವು. ಇವನು ಮಾಡಿದ್ದು ಮಾತ್ರ ಅಲ್ಲೇ ನಿಂತಿತ್ತು. ಒಳ್ಳೆಯ ದೀಪ ಆರಿಸಲು ಅವನು ತೆಗೆದುಕೊಂಡ ಇಪ್ಪತ್ತೈದು ನಿಮಿಷವೇ ಬಣ್ಣವನ್ನು ಕೆಡಿಸಿತ್ತು. ಸಾಲದ್ದಕ್ಕೆ ಗಾಳಿ ಊದಿಸಿದ್ದ. ನೀರು ಬೇಡವೆಂದಿದ್ದ.

ಅವನು ಅಕ್ಕನಿಗೆ ಫೋನ್ ಮಾಡಿದ.

“ಅಕ್ಕ, ನಾಳೆ ಬೆಳಗ್ಗೆ ಇನ್ನೊಂದು ಸಲ ಬರಬೇಕು.”

“ಯಾಕೆ, ಇನ್ನೊಂದು ದೀಪ ಸಿಕ್ತಾ?”

“ಇಲ್ಲ. ಬರುವಾಗ ನೀರು ಕುಡ್ಕೊಂಡು ಬಾ. ದಾರಿಯಲ್ಲಿ ಬಾಯಿ ಮುಚ್ಕೊಂಡು ಬಾ.”

“ಅಲ್ಲ ಪುಟ್ಟ, ಅಕ್ಕನಿಗೆ ಬಾಯಿ ಮುಚ್ಚು ಅನ್ನೋಕೆ ಇಷ್ಟು ಸುತ್ತುಬಳಸು ಬೇಕಾ?”

ಶನಿವಾರ ಅವನು ಅಕ್ಕನಿಗಿಂತ ಒಂದು ಗಂಟೆ ಮೊದಲೇ ಕ್ಲಿನಿಕ್ಕಿಗೆ ಹೋದ. ದೀಪ ಆರಿಸುವುದನ್ನು ಬೇರೆ ಯಾರದಾದರೂ ಬಾಯಲ್ಲಿ ಮುಗಿಸಬೇಕಿತ್ತು. ಬೇರೆ ಬಾಯಿ ಎಂದು ಇದ್ದದ್ದು ಅವನದೇ. ತುಟಿಗೆ ಕೊಕ್ಕೆ ಹಾಕಿಕೊಂಡು ಕುರ್ಚಿಯಲ್ಲಿ ಮಲಗಿದ. ಡಾಕ್ಟರಮ್ಮ ಕ್ಯಾಮೆರಾ ಹಿಡಿದು ಒಳಗೆ ಇಣುಕಿದರು.

“ಏನ್ರೀ ಇದು, ಎರಡು ಕಡೆ ಹುಳುಕು. ಹಲ್ಲು ಮಾಡೋರ ಬಾಯಿ ಹೀಗಾ?”

“ಆ ಆ ಆ,” ಎಂದ ಅವನು.

“ಅದಕ್ಕೇ ನೀವು ಯಾರ ಹತ್ರಾನೂ ಮಾತಾಡಲ್ಲ.”

ಹೊಗೆಬಣ್ಣದ ಹಾಳೆಯನ್ನು ಮೊದಲು ಜೋಡಿ ಫ್ಲ್ಯಾಶಿಗೆ ಕಟ್ಟಿದರು. ಎರಡು ತೋಳಿಗೆ ಎರಡು ತುಂಡು, ಎರಡರ ದಿಕ್ಕೂ ಒಂದೇ ಇರಬೇಕು; ತೋಳು ಒಂದಿಷ್ಟು ತಿರುಗಿದರೆ ಹಾಳೆಯೂ ತಿರುಗಿ ಹೊಳಪು ಮತ್ತೆ ಕದ್ದು ನುಗ್ಗುತ್ತಿತ್ತು. ಸರಿಪಡಿಸಲು ಹೊತ್ತು ಹಿಡಿಯುತ್ತಿತ್ತು. ಅವನ ಬಳಿ ಇಲ್ಲದ್ದು ಹೊತ್ತೇ. ಆಮೇಲೆ ಡಾಕ್ಟರಮ್ಮನ ಬಳೆ ಫ್ಲ್ಯಾಶಿಗೆ ಹಾಳೆಯನ್ನು ಉಂಗುರದಂತೆ ಕತ್ತರಿಸಿ ಅಂಟಿಸಿದರು. ಒಂದೇ ತುಂಡು, ಒಂದೇ ದಿಕ್ಕು, ಕದಲುವುದಿಲ್ಲ. ಪರದೆಯ ಮೇಲೆ ಅವನ ಹಲ್ಲು ಹೊಳಪೇ ಇಲ್ಲದೆ, ಮೈಯೇ ಇಲ್ಲದೆ, ಬರೀ ಬಣ್ಣವಾಗಿ ಮೂಡಿತು. ಹುಳುಕು ಕೂಡ ಬಹಳ ಸ್ಪಷ್ಟವಾಗಿತ್ತು.

ಅವನು ಕೊಕ್ಕೆ ಕಳಚಿ ಎದ್ದು ಕೂತ. ಮೈಯ ಉಬ್ಬು ತಗ್ಗುಗಳ ಫೋಟೋ ನಲವತ್ತಮೂರು ಆಗಲೇ ಇವೆ. ಒಣಗಿದರೆ ಬಣ್ಣ ಹೋಗುತ್ತದೆ, ಆಕಾರ ಹೋಗುವುದಿಲ್ಲ. ಬೇಕಾದದ್ದು ಬಣ್ಣ ಒಂದೇ. ನೆರಳನ್ನು ಕೊಲ್ಲುತ್ತದೆ ಎಂದು ಅವನು ಬೈದು ಬದಿಗಿಟ್ಟ ದೀಪಕ್ಕೆ ಈ ಕೆಲಸದಲ್ಲಿ ನೆರಳು ಬೇಕಾಗಿಯೇ ಇರಲಿಲ್ಲ.

“ಇದೇ ಇರಲಿ,” ಎಂದ.

“ನನ್ನ ಹಳೇ ಫ್ಲ್ಯಾಶಾ? ಮೂರು ವಾರದಿಂದ ಅದಕ್ಕೆ ಶಾಪ ಹಾಕ್ತಿದ್ರಿ.”

“ಫ್ಲ್ಯಾಶಿಗೆ ಹೇಳ್ಬೇಡಿ.”

ಅಕ್ಕ ಬಂದಳು. ಮಾತಿಲ್ಲ, ಬಾಯಿ ಬಿಗಿಯಾಗಿ ಮುಚ್ಚಿತ್ತು, ಕಣ್ಣಿನಲ್ಲೇ ನಕ್ಕಳು. ಕುರ್ಚಿಯಲ್ಲಿ ಮಲಗಿಸಿ, ಒಂದು ಗುಟುಕು ನೀರು ಕೊಟ್ಟು ಹತ್ತು ನಿಮಿಷ ಬಾಯಿ ಮುಚ್ಚಿಸಿಯೇ ಇಟ್ಟರು. ಬಣ್ಣದ ಪಟ್ಟಿಯ ತುಂಡನ್ನೂ ಒದ್ದೆ ಮಾಡಿ ಡಾಕ್ಟರಮ್ಮ ಕೈಯಲ್ಲಿ ಹಿಡಿದರು. ಅವನು ಕ್ಯಾಮೆರಾದ ದೂರವನ್ನು ತನ್ನ ಹೆಬ್ಬೆರಳಿನ ಮೇಲೆ ಹೊಂದಿಸಿಕೊಂಡ.

“ಈಗ.”

ಕೊಕ್ಕೆ, ಪಟ್ಟಿ, ಫ್ಲ್ಯಾಶ್. ಹನ್ನೊಂದು ಸೆಕೆಂಡು. ಹಾಳೆ ಬೆಳಕನ್ನು ನುಂಗುವುದರಿಂದ ಫ್ಲ್ಯಾಶ್ ಪೂರ್ತಿ ಶಕ್ತಿಯಲ್ಲಿ ಹೊಡೆದಿತ್ತು. ಮತ್ತೆ ತುಂಬಿಕೊಳ್ಳಲು ಎಂಟು ಸೆಕೆಂಡು. ಎರಡನೆಯದು ಹೊಡೆಯಿತು. ಸಾಕು ಎಂದು ಅವನೇ ಕೊಕ್ಕೆ ತೆಗೆದ.

“ಮುಗೀತಾ?” ಅಕ್ಕ ಎದ್ದು ಕೂತಳು. “ನಾನು ಇನ್ನೂ ಸರಿಯಾಗಿ ಚಾವಣೀನೂ ನೋಡಿರಲಿಲ್ಲ.”

ಶನಿವಾರ ಮಧ್ಯಾಹ್ನವೆಲ್ಲ ಅವನು ಕಿಟಕಿಯ ಕೆಳಗೆ ಕೂತ. ಒಂದು ಪರದೆಯ ಮೇಲೆ ನಲವತ್ತಮೂರರಲ್ಲಿ ಆಯ್ದ ನಾಲ್ಕು ಫೋಟೋ, ಆಕಾರಕ್ಕೆ. ಇನ್ನೊಂದರ ಮೇಲೆ ಬೆಳಗಿನ ಒಂದು, ಬಣ್ಣಕ್ಕೆ. ಕುಂಚದ ತುದಿಯಿಂದ ಪಿಂಗಾಣಿ ಪುಡಿಯ ಹಸಿ ಮುದ್ದೆಯನ್ನು ಪದರ ಪದರವಾಗಿ ಇಟ್ಟ. ಬುಡಕ್ಕೆ ಒಂದಿಷ್ಟು ಕಂದು, ನಡುವೆ ಬೆಚ್ಚನೆಯ ಹಳದಿ, ತುದಿಗೆ ತೆಳು ನೀಲಿ. ಕುಲುಮೆ ಮೂರು ಸಲ ಏರಿ ಇಳಿಯಿತು.

ಭಾನುವಾರ ಬೆಳಗ್ಗೆ ಡಾಕ್ಟರಮ್ಮ ಅವರಿಗಾಗಿಯೇ ಕ್ಲಿನಿಕ್ ತೆರೆದರು. ತಾತ್ಕಾಲಿಕ ಪ್ಲಾಸ್ಟಿಕ್ ಹಲ್ಲನ್ನು ತೆಗೆದು, ಬುಡ ಶುಚಿ ಮಾಡಿ, ಹತ್ತಿ ತುರುಕಿ ಒಣಗಿಸುವಷ್ಟರಲ್ಲಿ ಅರ್ಧ ಗಂಟೆಯಾಯಿತು. ಒಣಗಿರದಿದ್ದರೆ ಅಂಟು ಹಿಡಿಯುವುದಿಲ್ಲ. ಅಂಟು ಹಾಕುವ ಮೊದಲು ಹೊಸ ಹಲ್ಲನ್ನು ಸುಮ್ಮನೆ ಕೂರಿಸಿ ನೋಡಿದರು. ಅವರ ಮುಖ ಇಳಿಯಿತು.

ಅವನೂ ಬಗ್ಗಿ ನೋಡಿದ. ಸೀಮೆಸುಣ್ಣದ ಸಾಲಿನಲ್ಲಿ ಅದೊಂದು ಚಹಾದಲ್ಲಿ ಅದ್ದಿ ತೆಗೆದಂತಿತ್ತು.

“ಈಗ ಕಪ್ಪಾಯ್ತಲ್ರೀ,” ಎಂದರು ಡಾಕ್ಟರಮ್ಮ ಮೆಲ್ಲಗೆ.

“ಪಕ್ಕದವು ಒಣಗಿವೆ. ನಾಳೆ ಸರಿಹೋಗತ್ತೆ.”

“ಹೋಗದಿದ್ರೆ? ನಾಳೆ ಎಂಟು ಗಂಟೆಗೆ ಇವರಿಗೆ ಶಾಲೆ. ಒಂದು ಕೆಲಸ ಮಾಡಿ. ಮೇಲೆ ಒಂಚೂರು ಬಿಳಿ ಕೊಟ್ಟು ಸುಟ್ಕೊಂಡು ಬನ್ನಿ. ಒಂದು ಗಂಟೆಯ ಕೆಲಸ ತಾನೆ? ನಾನು ಕಾಯ್ತೀನಿ.”

ಅದು ಒಂದು ಗಂಟೆಯ ಕೆಲಸವೇ ಆಗಿತ್ತು. ಅವನು ಬಗ್ಗಿ ಮತ್ತೊಮ್ಮೆ ನೋಡಿದ. ಕಣ್ಣು ಕಪ್ಪು ಎನ್ನುತ್ತಿತ್ತು. ಕಣ್ಣಿನ ಮಾತು ಕೇಳಿಯೇ ಅವನು ಇಪ್ಪತ್ತೆರಡು ವರ್ಷ ಬದುಕಿದ್ದು. ಮಂಗಳವಾರ ಇದೇ ಜಾಗದಲ್ಲಿ ಅದೇ ಕಣ್ಣು ಸರಿ ಎಂದದ್ದೂ ಹೌದು. ಆ ಕಡೆ ಒದ್ದೆ ಹಲ್ಲಿನ ಹನ್ನೊಂದು ಸೆಕೆಂಡಿನ ಒಂದು ಫೋಟೋ. ಈಗ ಬಿಳಿ ಕೊಟ್ಟರೆ ಇಲ್ಲಿ, ಈ ಕುರ್ಚಿಯಲ್ಲಿ, ಮೂವರಿಗೂ ಸಮಾಧಾನವಾಗುತ್ತದೆ. ತಪ್ಪಿದರೆ ನಾಳೆ ಎಂಟು ಮಕ್ಕಳು ಬೇರೆ ಬಾಯಿಯ ಪಾಲಾಗುತ್ತವೆ. ಕೊಡದಿರುವುದು ತಪ್ಪಾದರೂ ಅಷ್ಟೇ.

ಅಕ್ಕ ಕೊಕ್ಕೆಯ ನಡುವಿನಿಂದ ಅವನನ್ನು ನೋಡುತ್ತಿದ್ದಳು. ಕನ್ನಡಿ ಕೇಳಲಿಲ್ಲ. ಕೈಯೆತ್ತಿ ಮೂರು ಬೆರಳನ್ನು ಗಲ್ಲಕ್ಕೆ ತಟ್ಟಿದಳು. ನೀರು.

“ಅಂಟಿಸಿಬಿಡಿ,” ಎಂದ ಅವನು ಡಾಕ್ಟರಮ್ಮನಿಗೆ. “ಆಮೇಲೆ ಅವಳಿಗೆ ನೀರು ಕೊಡಿ.”

ಕ್ಲಿನಿಕ್ಕಿನ ಬಾಗಿಲಲ್ಲಿ ಅಕ್ಕ ಹೇಳಿದಳು, “ಮನೇಲಿ ಕನ್ನಡಿ ನೋಡಲ್ಲ ನಾನು. ನೋಡಿದ್ರೆ ನಿದ್ದೆ ಬರಲ್ಲ, ನಿನಗೆ ಫೋನ್ ಮಾಡ್ತೀನಿ, ನಿನಗೂ ಬರಲ್ಲ. ನಾಳೆ ಮಕ್ಕಳೇ ನೋಡ್ಲಿ. ನೀನೂ ಬಾ, ಬೈಸ್ಕೊಳ್ಳೋಕೆ ಒಬ್ಬರು ಬೇಕಾಗತ್ತೆ.”

ಸೋಮವಾರ ಅವನು ಹೋದ. ಅಕ್ಕನ ತರಗತಿಯನ್ನು ಅವನು ನೋಡುತ್ತಿದ್ದದ್ದು ಅದೇ ಮೊದಲು. ಅರ್ಧಚಂದ್ರಾಕಾರದಲ್ಲಿ ಎಂಟು ಪುಟ್ಟ ಕುರ್ಚಿ, ಎದುರಿಗೆ ಅವಳದೊಂದು ಸ್ಟೂಲು. ಮಕ್ಕಳ ಬೆನ್ನಿಗೆ ದೊಡ್ಡ ಕಿಟಕಿ, ಕಿಟಕಿಗೆ ತೆಳುವಾದ ಬಿಳಿ ಬಟ್ಟೆಯ ಪರದೆ. ಬೆಳಕು ಬಟ್ಟೆಯಲ್ಲಿ ಸೋಸಿ ನೇರವಾಗಿ ಅವಳ ಮುಖದ ಮೇಲೆ, ತುಟಿಯ ಮೇಲೆ ಬೀಳುತ್ತಿತ್ತು. ಒಂದು ಕಡೆ ಸ್ವಲ್ಪ ಹೆಚ್ಚು, ಇನ್ನೊಂದು ಕಡೆ ಸ್ವಲ್ಪ ಕಡಿಮೆ, ನಾಲಗೆಯ ತುದಿಯೂ ಕಾಣುವ ಹಾಗೆ. ಸ್ಟೂಲು ಎಲ್ಲಿರಬೇಕೆಂದು ನೆಲದ ಮೇಲೆ ಬಣ್ಣದಲ್ಲಿ ಗುರುತು ಹಾಕಿತ್ತು. ಗುರುತು ಹಳೆಯದಾಗಿ ಸವೆದಿತ್ತು. ಅವನು ಹಿಂದಿನ ಮೂಲೆಯ ಕುರ್ಚಿಯಲ್ಲಿ, ಮೊಣಕಾಲು ಎದೆಗೆ ತಾಗುವಂತೆ ಕೂತ.

ಹೆಡ್ ಮೇಡಂ ಬಾಗಿಲಲ್ಲಿ ಬಂದು ನಿಂತರು.

ಅಕ್ಕ ಕೈಗಳನ್ನು ಮಡಿಲಲ್ಲಿಟ್ಟು ಹೇಳಿದಳು. “ತ.”

ಮೂರು ಬೆರಳು ಮೂರು ಬಾಯಿಗೆ ಹೋದವು. ಎಡಗಡೆಯ ಹಲ್ಲಿಗೆ.

ಹೆಡ್ ಮೇಡಂ ಕೈ ಕಟ್ಟಿಕೊಂಡರು. ಅಕ್ಕ ಅವಸರಪಡಲಿಲ್ಲ. ರಜೆಯ ಮೊದಲು ಕಲಿತದ್ದನ್ನು ಒಪ್ಪಿಸುತ್ತಿವೆ ಎಂಬಂತೆ ತಲೆಯಾಡಿಸಿ ಮತ್ತೆ ಹೇಳಿದಳು. “ತ.” ಮಕ್ಕಳು ನೋಡಿದವು. ಈ ಸಲ ಒಂದೇ ಬೆರಳು. ಅದೂ ಅರ್ಧ ದಾರಿಯಲ್ಲಿ ನಿಂತು, ತಾನು ಯಾಕೆ ಎದ್ದೆ ಎಂದು ಮರೆತಂತೆ ಕೆಳಗಿಳಿಯಿತು.

ಎರಡು ಜಡೆಯ ಹುಡುಗಿ ಕುರ್ಚಿಯಿಂದ ಎದ್ದಿತು. ಹಲ್ಲು ಮುರಿದ ತಲೆ ಇದರದೇ. ಅಕ್ಕನ ಮುಂದೆ ಬಂದು, ಅವಳ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿನ ಕಡೆಗೆ ಒಂದಿಷ್ಟು ತಿರುಗಿಸಿ, ಬಾಯೊಳಗೆ ಬಹಳ ಹೊತ್ತು ಪರೀಕ್ಷಿಸಿತು. ಇಂಥ ಗಮನದಿಂದ ನೋಡುವವರು ತನ್ನ ಕಸುಬಿನಲ್ಲೂ ಕಡಿಮೆ ಎಂದು ಅವನಿಗೆ ಅನ್ನಿಸಿತು. ಕೊನೆಗೆ ಹುಡುಗಿ ಉಳಿದವರ ಕಡೆ ತಿರುಗಿ, ಪತ್ತೆ ಮಾಡಿಬಿಟ್ಟೆ ಎಂಬ ಹೆಮ್ಮೆಯಿಂದ, ಹೊಸ ಹಲ್ಲನ್ನು ಬೆರಳಿಟ್ಟು ತೋರಿಸಿತು.

ಅಕ್ಕನ ಬಲಗಡೆಯದನ್ನು, ಹುಟ್ಟಿದ್ದನ್ನು.

ಅಕ್ಕ ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಹುಡುಗಿಯ ಕೈಯನ್ನು ತೆಗೆದು ತನ್ನ ಗಂಟಲ ಮೇಲಿಟ್ಟುಕೊಂಡು, “ತಟ್ಟೆ,” ಎಂದಳು. ಹುಡುಗಿಯ ನಾಲಗೆ ಹಲ್ಲಿನ ಹಿಂದೆ ಹೋಗಿ ತಾಗಿತು. ಹೆಡ್ ಮೇಡಂ ಅವರನ್ನು ಯಾರೋ ಕಾರಿಡಾರಿನಿಂದ ಕರೆದರು. ಅವರು ಹೋದರು, ಮತ್ತೆ ಬರಲಿಲ್ಲ. ತಟ್ಟೆ ಆಯಿತು, ತಲೆ ಆಯಿತು, ತಾತ ಆಯಿತು. ಎಂಟು ಜೊತೆ ಕಣ್ಣುಗಳು ಅಕ್ಕನ ನಾಲಗೆಯ ತುದಿಯನ್ನು ಹಿಡಿದುಕೊಂಡು ಹೋಗುತ್ತಿದ್ದವು.

ಹಿಂದಿನ ಕುರ್ಚಿಯವನೊಬ್ಬನೇ ಎಡಗಡೆಯ ಹಲ್ಲನ್ನು ನೋಡುತ್ತಿದ್ದ. ಬಣ್ಣ ಕೂತಿತ್ತು. ಅಂಚಿನಲ್ಲಿ, ಒಳಮೂಲೆಯ ಹತ್ತಿರ, ನೀಲಿ ಕೂದಲೆಳೆಯಷ್ಟು ಹೆಚ್ಚಾಗಿದೆಯೇ? ಕತ್ತು ಚಾಚಿದ. ಈ ಬೆಳಕಿನಲ್ಲಿ ಹೆಚ್ಚೆನಿಸುತ್ತಿತ್ತು. ಅವಳು ಸ್ವಲ್ಪ ಈ ಕಡೆ ತಿರುಗಿದರೆ ಗೊತ್ತಾಗುತ್ತಿತ್ತು.

ಅಕ್ಕ ಈ ಕಡೆ ತಿರುಗಿದಳು. ಧ್ವನಿಯಿಲ್ಲದೆ ಬರೀ ಬಾಯಾಡಿಸಿ ಅವನಿಗೆ ಏನೋ ಹೇಳಿದಳು. ಎಂಟೂ ಮಕ್ಕಳು ಅದನ್ನು ಓದಿಕೊಂಡು, ಅವನ ಕಡೆ ನೋಡಿ ಗೊಳ್ಳೆಂದು ನಕ್ಕವು. ಅವನಿಗೆ ಮಾತ್ರ ಒಂದು ಅಕ್ಷರವೂ ಗೊತ್ತಾಗಲಿಲ್ಲ. ಅವಳು ಮಾತಾಡಿದಷ್ಟು ಹೊತ್ತೂ ಅವನು ಹಲ್ಲನ್ನೇ ನೋಡುತ್ತಿದ್ದ.